ಮನಸ್ಸಾಕ್ಷಿ ಶುದ್ಧವಿದ್ದರೆ ಸಾಕೇ?

ರಜೆಗೆ ಅಂತ ಬೆಂಗಳೂರು, ಪುಣೆ, ಬೆಳಗಾವಿಯಿಂದ ಊರಿಗೆ ಬಂದ ತಮ್ಮಂದಿರು, ತಂಗಿಯರು ಇವತ್ತು ತುಂಬಾ ಜನ ಇದ್ದೀರಿ. ಹಿಂದೆ ನಿಂತವರು ಮುಂದೆ ಬನ್ನಿ, ಜಾಗ ಇದೆ. ಕಬ್ಬಿನ ಟ್ರ್ಯಾಕ್ಟರ್ ಸದ್ದಿನಲ್ಲಿ ನನ್ನ ದನಿ ಕೇಳಿಸದಿದ್ದರೆ ಕೈ ಎತ್ತಿ. ಹಂಗಾಮಿನಲ್ಲಿ ಸಮೀರವಾಡಿಯಲ್ಲಿ ಪ್ರಸಂಗ ಮಾಡುವುದೆಂದರೆ ಹೀಗೇ.

ಕಳೆದ ತಿಂಗಳು ಒಬ್ಬ ತಮ್ಮ ಬೆಂಗಳೂರಿನಿಂದ ಫೋನ್ ಮಾಡಿದ. "ಪಾಸ್ಟರ್, ಹೊಸ ಕೆಲಸಕ್ಕೆ ಅಪ್ಲೈ ಮಾಡೀನಿ. ರೆಸ್ಯೂಮೆದಾಗ ಎರಡು ವರ್ಷ ಎಕ್ಸ್‌ಪೀರಿಯನ್ಸ್ ಜಾಸ್ತಿ ಹಾಕೀನ್ರಿ. ನಮ್ಮ ಟೀಮಿನಾಗ ಎಲ್ಲಾರೂ ಹಂಗ ಮಾಡ್ಯಾರ. ನಾ ಪ್ರಾರ್ಥನೆನೂ ಮಾಡೀನಿ, ಮನಸ್ಸಿಗೆ ಪೂರ್ತಿ ಸಮಾಧಾನ ಐತ್ರಿ" ಅಂದ. ಅವನು ಸುಳ್ಳು ಭಕ್ತಿ ಮಾಡುವ ಹುಡುಗ ಅಲ್ಲ. ನಿಜವಾಗಿ ಪ್ರಾರ್ಥನೆ ಮಾಡಿದ್ದಾನೆ, ನಿಜವಾಗಿ ಸಮಾಧಾನ ಇದೆ. ಅದೇ ನನಗೆ ಕಷ್ಟವಾಯಿತು. ಕಳವಳದಿಂದ ಫೋನ್ ಮಾಡಿದವನಿಗೆ ಏನು ಹೇಳಬೇಕೆಂದು ಬೈಬಲ್ ಕಾಲೇಜಿನಲ್ಲಿ ಕಲಿಸಿದ್ದಾರೆ. ಸಮಾಧಾನದಿಂದ ಫೋನ್ ಮಾಡಿದವನಿಗೆ ಏನು ಹೇಳಬೇಕು? ನಾನು ಆಗ ತಕ್ಷಣ ಉತ್ತರ ಕೊಡಲಿಲ್ಲ. ಕೊಡದೆ ಇರುವುದಕ್ಕೆ ನನ್ನದೇ ಒಂದು ಕಾರಣ ಇತ್ತು, ಅದನ್ನು ಆಮೇಲೆ ಹೇಳುತ್ತೇನೆ.

ಮೊದಲು ನಮ್ಮ ತಾರಸಿಯ ಕಥೆ. ಹೋದ ವರ್ಷ ನಮ್ಮ ಸಭೆಯ ಒಬ್ಬ ಹುಡುಗ ತನ್ನ ಸಂಬಳದಲ್ಲಿ ಟೆಲಿಸ್ಕೋಪ್ ತಂದ. ದೊಡ್ಡದೇನಲ್ಲ. ಮುಂದಿನ ಲೆನ್ಸ್ 70 ಮಿಲಿಮೀಟರ್, ಫೋಕಲ್ ಲೆಂತ್ 700 ಮಿಲಿಮೀಟರ್. ಅದರ ಬೆನ್ನ ಮೇಲೆ ಇನ್ನೊಂದು ಪುಟ್ಟ ದುರ್ಬೀನು ಕೂತಿರುತ್ತದೆ, ಅದಕ್ಕೆ ಫೈಂಡರ್ ಅನ್ನುತ್ತಾರೆ. ಯಾಕೆ ಬೇಕು ಅಂದರೆ, ದೊಡ್ಡ ಕೊಳವೆಯಲ್ಲಿ ಕಾಣುವುದು ಆಕಾಶದ ಒಂದು ಚೂರು ಮಾತ್ರ. ಸೂಜಿಯ ಕಣ್ಣಿನಿಂದ ಹೊಲ ನೋಡಿದ ಹಾಗೆ. ಎಲ್ಲಿ ನೋಡುತ್ತಿದ್ದೀರಿ ಅನ್ನುವುದೇ ಗೊತ್ತಾಗುವುದಿಲ್ಲ. ಫೈಂಡರಿನಲ್ಲಿ ಅಗಲವಾಗಿ ಕಾಣುತ್ತದೆ, ನಡುವೆ ಎರಡು ಗೆರೆಗಳ ಕ್ರಾಸ್ ಇರುತ್ತದೆ. ಕ್ರಾಸ್ ಮೇಲೆ ನಕ್ಷತ್ರ ಬಂದರೆ ದೊಡ್ಡ ಕೊಳವೆಯಲ್ಲೂ ಅದೇ ನಕ್ಷತ್ರ ನಡುವೆ ಬರಬೇಕು.

ಬರಬೇಕು. ಆ ರಾತ್ರಿ ಬರಲಿಲ್ಲ. ಶನಿ ಗ್ರಹದ ಬಳೆ ತೋರಿಸುತ್ತೇನೆಂದು ನಲವತ್ತು ಜನರನ್ನು ತಾರಸಿ ಹತ್ತಿಸಿದ್ದ. ಕ್ರಾಸ್ ಮೇಲೆ ಶನಿ ಇದೆ, ಐಪೀಸಿನಲ್ಲಿ ಬರೀ ಕತ್ತಲು. ಮಕ್ಕಳು "ಏನೂ ಕಾಣವಲ್ದು" ಅಂತ ಗಲಾಟೆ ಶುರು ಮಾಡಿದವು. ಅವನು ಬೆವರಿದ. "ಸಂಜೀಕ ಫೈಂಡರ್ ಹೊಂದಿಸೀನ್ರಿ ಪಾಸ್ಟರ್, ಖರೇನ ಹೊಂದಿಸೀನ್ರಿ" ಅಂದ. ಯಾವುದಕ್ಕೆ ಹೊಂದಿಸಿದ್ದಿ ಅಂತ ಕೇಳಿದರೆ, ಎದುರಿನ ಓಣಿಯ ಲೈಟ್ ಕಂಬಕ್ಕೆ. ನಮ್ಮ ತಾರಸಿಯಿಂದ ಹತ್ತು ಮೀಟರ್. ಮತ್ತೆ ಕಂಬಕ್ಕೆ ತಿರುಗಿಸಿ ಎಲ್ಲರ ಮುಂದೆ ಪರೀಕ್ಷೆ ಮಾಡಿ ತೋರಿಸಿದ. ಬಲ್ಬು ಕ್ರಾಸ್ ಮೇಲೂ ನಡುವೆ, ಐಪೀಸಿನಲ್ಲೂ ನಡುವೆ. ಕೂದಲೆಳೆಯಷ್ಟೂ ವ್ಯತ್ಯಾಸ ಇಲ್ಲ. ಶನಿಗೆ ತಿರುಗಿಸಿದರೆ ಮತ್ತೆ ಕತ್ತಲು.

ಇದು ಹೇಗೆ ಸಾಧ್ಯ? ಫೈಂಡರೂ ದೊಡ್ಡ ಕೊಳವೆಯೂ ಒಂದೇ ಜಾಗದಲ್ಲಿ ಇಲ್ಲ, ಪಕ್ಕಪಕ್ಕ ಇವೆ. ನಡುವೆ ಸುಮಾರು ಎಂಟು ಸೆಂಟಿಮೀಟರ್ ಅಂತರ. ಹತ್ತು ಮೀಟರ್ ದೂರದ ಕಂಬವನ್ನು ಎರಡೂ ನೋಡಬೇಕಾದರೆ ಒಂದರ ಕಡೆಗೆ ಇನ್ನೊಂದು ಸ್ವಲ್ಪ ವಾಲಬೇಕು. ಆ ವಾಲಿಕೆ ಅರ್ಧ ಡಿಗ್ರಿಗೆ ಹತ್ತಿರ, ಅಂದರೆ ಹೆಚ್ಚುಕಡಿಮೆ ಹುಣ್ಣಿಮೆ ಚಂದ್ರನ ಅಗಲ. ಎರಡರ ದೃಷ್ಟಿ ಕಂಬದ ಹತ್ತಿರ ಕೂಡುತ್ತದೆ, ಅದರಾಚೆ ದಾರಿ ಬೇರೆಯಾಗುತ್ತದೆ. ನಾವು ಅವಸರಕ್ಕೆ ಹೆಚ್ಚು ದೊಡ್ಡದಾಗಿ ತೋರಿಸುವ 10 ಎಂಎಂ ಐಪೀಸನ್ನೇ ಹಾಕಿದ್ದೆವು, ಅದರ ಕಿರಿದಾದ ನೋಟದಿಂದ ಶನಿ ಹೊರಗೇ ಉಳಿದಿತ್ತು. 25 ಎಂಎಂ ಹಾಕಿದ ಮೇಲೆ ನೋಡುತ್ತೇವೆ, ನಡುವಿನಿಂದ ಪಕ್ಕಕ್ಕೆ ಸರಿದು ಪಾಪದ ಮಗುವಿನ ಹಾಗೆ ಕೂತಿದೆ!

ಮರುದಿನ ಸರಿಯಾಗಿ ಮಾಡಿದೆವು. ಹಗಲಿನಲ್ಲಿ, ದೂರದ ವಸ್ತುವಿಗೆ. ನಮ್ಮ ಊರಲ್ಲಿ ದೂರದ ವಸ್ತು ಅಂದರೆ ಇನ್ನೇನು, ಕಾರ್ಖಾನೆಯ ಚಿಮಣಿ. ಅದರ ತುದಿಯನ್ನು ಮೊದಲು ದೊಡ್ಡ ಕೊಳವೆಯ ನಡುವಿಗೆ ತಂದು ಕೊಳವೆಯನ್ನು ಬಿಗಿ ಮಾಡಬೇಕು. ಆಮೇಲೆ ಅದನ್ನು ಅಲುಗಿಸದೆ ಫೈಂಡರಿನ ಪುಟ್ಟ ಸ್ಕ್ರೂಗಳನ್ನು ತಿರುಗಿಸಿ ಕ್ರಾಸನ್ನು ಅದೇ ತುದಿಗೆ ತರಬೇಕು. ಎರಡು ಕಿಲೋಮೀಟರ್ ದೂರದಲ್ಲಿ ಎಂಟು ಸೆಂಟಿಮೀಟರ್ ಅನ್ನುವುದು ಲೆಕ್ಕಕ್ಕೇ ಬರುವುದಿಲ್ಲ. ಒಂದು ಎಚ್ಚರಿಕೆ, ಮಕ್ಕಳಿರುವ ಮನೆಯವರು ಕೇಳಿಸಿಕೊಳ್ಳಿ: ಹಗಲಿನಲ್ಲಿ ಸೂರ್ಯ ಇರುವ ಕಡೆಗೆ ಯಾವ ಕಾರಣಕ್ಕೂ ತಿರುಗಿಸಬೇಡಿ, ಫೈಂಡರನ್ನೂ ಕೂಡ. ಒಂದು ಕ್ಷಣ ಸಾಕು ಕಣ್ಣು ಹೋಗಲಿಕ್ಕೆ.

ಈಗ ಆ ತಮ್ಮನ ಫೋನಿಗೆ ಬರೋಣ. "ನಮ್ಮ ಟೀಮಿನಾಗ ಎಲ್ಲಾರೂ ಹಂಗ ಮಾಡ್ಯಾರ." ಇದು ಹತ್ತು ಮೀಟರಿನ ಕಂಬ. ಅವನ ಮನಸ್ಸಾಕ್ಷಿ ಕೆಟ್ಟುಹೋಗಿಲ್ಲ, ಅದು ಚೆನ್ನಾಗಿಯೇ ಕೆಲಸ ಮಾಡುತ್ತಿದೆ. ಹೊಂದಿಸಿದ ವಸ್ತುವಿಗೆ ನಿಷ್ಠೆಯಿಂದ ಗುರಿ ತೋರಿಸುತ್ತಿದೆ. ಅವನು ಇನ್ನೊಮ್ಮೆ ಪರೀಕ್ಷೆ ಮಾಡಿದರೂ ಅದೇ ಕಂಬಕ್ಕೆ ಪರೀಕ್ಷೆ ಮಾಡುತ್ತಾನೆ, ಮತ್ತೆ ಸರಿ ಅಂತಲೇ ಬರುತ್ತದೆ. ನಾವು ಕಬ್ಬು ತೂಗಿ ಬದುಕುವ ಊರಿನವರು, ನಮಗೆ ಇದು ಗೊತ್ತಿರಬೇಕು. ತೂಕದಲ್ಲಿ ಅನುಮಾನ ಬಂದರೆ ಯಾವ ರೈತನಾದರೂ ಅದೇ ಕಾಟಾದ ಮೇಲೆ ಎರಡನೇ ಸಲ ಗಾಡಿ ಹತ್ತಿಸಿ "ಬರೋಬ್ಬರಿ ಐತಿ" ಅಂತ ಮನೆಗೆ ಹೋಗುತ್ತಾನೆಯೇ? ಬೇರೆ ಕಾಟಾ ಹುಡುಕಿಕೊಂಡು ಹೋಗುತ್ತಾನೆ. ಮನಸ್ಸಾಕ್ಷಿಯ ವಿಷಯದಲ್ಲಿ ಮಾತ್ರ ನಾವು ಅದೇ ಕಾಟಾದ ಮೇಲೆ ಹತ್ತು ಸಲ ತೂಗುತ್ತೇವೆ, ಅದಕ್ಕೆ ಉಪವಾಸ ಪ್ರಾರ್ಥನೆ ಅಂತ ಹೆಸರಿಡುತ್ತೇವೆ. ಉಪವಾಸ ಬೇಡ ಅನ್ನುತ್ತಿಲ್ಲ, ತಪ್ಪು ತಿಳಿಯಬೇಡಿ.

ಪೌಲನು 1 ಕೊರಿಂಥ 4ನೇ ಅಧ್ಯಾಯದಲ್ಲಿ ಒಂದು ವಿಚಿತ್ರ ಮಾತು ಬರೆಯುತ್ತಾನೆ. ತನ್ನ ಮೇಲೆ ತನಗೆ ಯಾವ ದೋಷವೂ ತೋರುತ್ತಿಲ್ಲ, ಆದರೆ ಅಷ್ಟರಿಂದಲೇ ತಾನು ನಿರ್ದೋಷಿ ಅಂತ ಆಗುವುದಿಲ್ಲ, ತೀರ್ಪು ಮಾಡುವವನು ಕರ್ತನು ಎಂಬ ಅರ್ಥದ ಮಾತು ಅದು. ಇದನ್ನು ಬರೆದವನು ಯಾರು? ಒಂದು ಕಾಲದಲ್ಲಿ ವಿಶ್ವಾಸಿಗಳನ್ನು ಮನೆಯಿಂದ ಎಳೆಸಿ ಸೆರೆಗೆ ಹಾಕಿಸಿದವನು. ಆಗ ಅವನಿಗೆ ಮನಸ್ಸು ಚುಚ್ಚುತ್ತಿತ್ತೇ? ಅಪೊಸ್ತಲರ ಕೃತ್ಯಗಳು 26ರಲ್ಲಿ ಅವನೇ ರಾಜನ ಮುಂದೆ ಹೇಳುತ್ತಾನೆ, ಯೇಸುವಿನ ಹೆಸರಿಗೆ ವಿರೋಧವಾಗಿ ನಡೆಯುವುದೇ ತನ್ನ ಕರ್ತವ್ಯ ಅಂದುಕೊಂಡಿದ್ದೆ ಅಂತ. ಕರ್ತವ್ಯ! ದಮಸ್ಕದ ದಾರಿಯಲ್ಲಿ ಅವನು ಹೊರಟದ್ದು ಪೂರ್ಣ ಸಮಾಧಾನದಿಂದ.

ದೊಡ್ಡವರಿಗೂ ಹೀಗಾಗಿದೆ. ಹಬಲ್ ಬಾಹ್ಯಾಕಾಶ ದೂರದರ್ಶಕದ ಹೆಸರು ಕೇಳಿದ್ದೀರಿ, ಅದರ ಚಿತ್ರಗಳನ್ನು ನಿಮ್ಮ ಮೊಬೈಲಿನ ವಾಲ್‌ಪೇಪರ್ ಮಾಡಿಕೊಂಡಿದ್ದೀರಿ. 1990ರ ಏಪ್ರಿಲ್ 24ರಂದು ಅದನ್ನು ಮೇಲಕ್ಕೆ ಕಳಿಸಿದರು. ಅದರ ಮುಖ್ಯ ಕನ್ನಡಿ 2.4 ಮೀಟರ್ ಅಗಲ. ಅಷ್ಟು ನಯವಾಗಿ ಉಜ್ಜಿದ ದೊಡ್ಡ ಕನ್ನಡಿ ಅದುವರೆಗೆ ಇರಲಿಲ್ಲ ಅನ್ನುವಷ್ಟು ಚೆನ್ನಾಗಿ ಉಜ್ಜಿದ್ದರು. ಮೇಲೆ ಹೋದ ಮೇಲೆ ನೋಡಿದರೆ ಚಿತ್ರಗಳು ಮಸುಕು. ಕನ್ನಡಿಯ ಅಂಚು ಇರಬೇಕಾದ್ದಕ್ಕಿಂತ ಸುಮಾರು ಎರಡು ಮೈಕ್ರಾನ್ ಹೆಚ್ಚು ಚಪ್ಪಟೆ. ತಲೆಗೂದಲಿನ ದಪ್ಪದಲ್ಲಿ ಐವತ್ತರಲ್ಲಿ ಒಂದು ಪಾಲಿನಷ್ಟು!

ಉಜ್ಜಿದವರು ಅಸಡ್ಡೆ ಮಾಡಿದರೇ? ಇಲ್ಲ. ಕನ್ನಡಿಯ ಆಕಾರ ಸರಿ ಇದೆಯೋ ಇಲ್ಲವೋ ಅಂತ ಹೇಳುವ ಒಂದು ಪರೀಕ್ಷಾ ಸಾಧನ ಇತ್ತು. ಆ ಸಾಧನದೊಳಗಿನ ಒಂದು ಲೆನ್ಸ್ ತನ್ನ ಜಾಗಕ್ಕಿಂತ 1.3 ಮಿಲಿಮೀಟರ್ ಆಚೆ ಕೂತಿತ್ತು. ಲೆನ್ಸಿನ ಜಾಗ ಅಳೆಯಲು ಬಳಸಿದ ಕೋಲಿನ ತುದಿಯಲ್ಲಿ ಒಂದು ಕ್ಯಾಪ್ ಇತ್ತು, ಅದರ ಕಪ್ಪು ಲೇಪನ ಒಂದು ಕಡೆ ಎದ್ದುಹೋಗಿತ್ತು. ಬೆಳಕು ಕೋಲಿನ ತುದಿಯಿಂದ ಹಿಂದಕ್ಕೆ ಬರುವ ಬದಲು ಆ ಕ್ಯಾಪಿನಿಂದ ಬಂತು. ಲೆನ್ಸ್ ಆ ಅಳತೆಗೆ ಹೊಂದುತ್ತಿಲ್ಲ ಅಂತ ಗೊತ್ತಾದಾಗ ಯಾಕೆ ಹೊಂದುತ್ತಿಲ್ಲ ಅಂತ ಕೇಳುವ ಬದಲು ವಾಷರ್ ಹಾಕಿ ಹೊಂದಿಸಿದರು. ವರ್ಕ್‌ಶಾಪಿನಲ್ಲಿ ಕೆಲಸ ಮಾಡುವವರು ನಗುತ್ತಿದ್ದೀರಿ, ನೀವೂ ಹಾಕಿದ್ದೀರಿ, ಗೊತ್ತು ನನಗೆ. ಆಮೇಲೆ ಆ ಸಾಧನ ಏನು ಹೇಳಿತೋ ಹಾಗೆಯೇ, ಅತ್ಯಂತ ಎಚ್ಚರದಿಂದ, ಅತ್ಯಂತ ಪ್ರಾಮಾಣಿಕವಾಗಿ, ಕನ್ನಡಿಯನ್ನು ತಪ್ಪು ಆಕಾರಕ್ಕೆ ಉಜ್ಜಿದರು. ಎಚ್ಚರ ಹೆಚ್ಚಾದಷ್ಟೂ ತಪ್ಪು ಹೆಚ್ಚು ನಿಖರವಾಯಿತು.

ನನಗೆ ನಿದ್ದೆ ಕೆಡಿಸಿದ್ದು ಮುಂದಿನ ಸಂಗತಿ. ಬೇರೆ ಎರಡು ಸಾಧನಗಳು ಅಲ್ಲೇ, ಭೂಮಿಯ ಮೇಲೇ, ಏನೋ ತಪ್ಪಿದೆ ಅಂತ ತೋರಿಸಿದ್ದವು. ಅವು ಮುಖ್ಯ ಸಾಧನದಷ್ಟು ಸೂಕ್ಷ್ಮವಾದವಲ್ಲ. ಹಾಗಾಗಿ ಅವುಗಳ ಮಾತನ್ನು ಬದಿಗಿಟ್ಟರು.

ನನ್ನ ಕಥೆ ಇದೇ. ಕೆಲವು ವರ್ಷಗಳ ಹಿಂದೆ ನಮ್ಮ ಕಟ್ಟಡ ನಿಧಿಯ ಡಬ್ಬಿಯಲ್ಲಿ 3,400 ರೂಪಾಯಿ ಕಡಿಮೆ ಬಂತು. ಲೆಕ್ಕ ಇಡುತ್ತಿದ್ದವನು ನಮ್ಮ ಯೌವನಸ್ಥರಲ್ಲೇ ಒಬ್ಬ. ಅವನು ತೆಗೆದುಕೊಂಡಿಲ್ಲ ಅಂದ. ನಾನು ಮೂರು ದಿನ ಉಪವಾಸ ಮಾಡಿದೆ. ಮೂರನೇ ದಿನ ಬೆಳಗಿನ ಜಾವ ನನಗೆ ಎಂಥ ಸಮಾಧಾನ ಬಂತೆಂದರೆ, ಕರ್ತನೇ ಮಾತಾಡಿದನು ಅಂತ ನನ್ನ ಹೆಂಡತಿಗೆ ಹೇಳಿದೆ. ಭಾನುವಾರ ಅವನನ್ನು ಲೆಕ್ಕದಿಂದ ತೆಗೆದೆ. ಸಭೆಯ ಮುಂದೆ ಹೆಸರು ಹೇಳಲಿಲ್ಲ, ಅದಕ್ಕೆ ನನ್ನನ್ನು ನಾನೇ ಬಹಳ ಕರುಣೆಯುಳ್ಳವನು ಅಂದುಕೊಂಡೆ. ಆದರೆ ಎಲ್ಲರಿಗೂ ಗೊತ್ತಾಯಿತು. ನಮ್ಮ ಹಾಲ್ ಗುಡಿಸುವ ಅವ್ವ ಒಬ್ಬರು ಇದ್ದಾರೆ, ಓದು ಬರಹ ಬರುವುದಿಲ್ಲ. ಅವರು ಬಂದು, "ಆ ಹುಡುಗ ತಗೊಂಡಿಲ್ಲಪಾ. ನೀ ಇನ್ನೊಮ್ಮೆ ಹುಡುಕು" ಅಂದರು. ನಾನು ತಲೆ ಆಡಿಸಿದೆ. ಒಳಗೆ ಅಂದುಕೊಂಡದ್ದು ಬೇರೆ: ಪಾಪ, ಮುಗ್ಧರು, ಇವರಿಗೆ ವಿವೇಚನೆಯ ವರ ಇಲ್ಲ.

ಎಂಟು ತಿಂಗಳಾದ ಮೇಲೆ ಹಳೆಯ ಹಾಡಿನ ಪುಸ್ತಕದೊಳಗೆ ಒಂದು ರಸೀದಿ ಸಿಕ್ಕಿತು. ಸೌಂಡ್ ಸಿಸ್ಟಮ್ ಬಾಡಿಗೆ, 3,400. ಕೂಟ ಮುಗಿದ ರಾತ್ರಿ ಡಬ್ಬಿಯಿಂದ ತೆಗೆದು ಕೊಟ್ಟವನು ನಾನು. ರಸೀದಿಯ ಮೇಲೆ ಸಹಿ ನನ್ನದು.

ಕ್ಷಮೆ ಕೇಳಿದೆ, ಸಭೆಯ ಮುಂದೆ ಕೂಡ ಹೇಳಿದೆ. ಅವನು "ಇರಲಿ ಬಿಡ್ರಿ ಪಾಸ್ಟರ್" ಅಂದ. ಆದರೆ ಆ ಎಂಟು ತಿಂಗಳಲ್ಲಿ ಅವನು ಸಭೆ ಬಿಟ್ಟಿದ್ದ, ಊರೂ ಬಿಟ್ಟಿದ್ದ. ಈಗಲೂ ಬಂದಿಲ್ಲ. ಎಲ್ಲೋ ಬೇರೆ ಸಭೆಗೆ ಹೋಗುತ್ತಾನೆ ಅಂತ ಕೇಳಿದ್ದೇನೆ, ಅದು ನಿಜವಾಗಿರಲಿ ಅಂತ ಪ್ರಾರ್ಥಿಸುತ್ತೇನೆ. ನಿಮ್ಮಲ್ಲಿ ಕೆಲವರಿಗೆ ಈ ವಿಷಯ ಗೊತ್ತು, ಗೊತ್ತಿಲ್ಲದವರಿಗೂ ಗೊತ್ತಿರಲಿ ಅಂತ ಹೇಳಿದೆ. ನಾನು ಸುಳ್ಳು ಹೇಳಿದ್ದರೆ ಸರಿಪಡಿಸುವುದು ಸುಲಭ ಇತ್ತು, ಯಾಕೆಂದರೆ ಸುಳ್ಳು ಅಂತ ನನಗೆ ಗೊತ್ತಿರುತ್ತಿತ್ತು. ನಾನು ಸತ್ಯವಾಗಿ ನಂಬಿದ್ದೆ.

ಈಗ ನಿಮ್ಮಲ್ಲಿ ಓದಿದವರು ಕೇಳುವ ಪ್ರಶ್ನೆ ಇದು: ಹಾಗಾದರೆ ಮನಸ್ಸಾಕ್ಷಿಯನ್ನು ನಂಬುವುದೇ ಬೇಡವೇ? ಸಮಾಧಾನ ಅನ್ನುವುದಕ್ಕೆ ಬೆಲೆಯೇ ಇಲ್ಲವೇ? ಕೆಲವರು ಹಾಗೆ ಬೋಧಿಸುತ್ತಾರೆ, ನಿನ್ನ ಒಳಗಿನ ದನಿ ಬಿಡು, ಪಾಸ್ಟರ್ ಹೇಳಿದ ಹಾಗೆ ಮಾಡು ಅಂತ. ನಾನು ಹಾಗೆ ಹೇಳುವುದಿಲ್ಲ. ಈಗಷ್ಟೇ ಕೇಳಿದಿರಲ್ಲ, ಪಾಸ್ಟರ್ ಏನು ಮಾಡಿದ ಅಂತ. ಫೈಂಡರ್ ತಪ್ಪಾಗಿದೆ ಅಂತ ಕಿತ್ತು ಎಸೆದರೆ ಆ ರಾತ್ರಿ ಶನಿಯೂ ಇಲ್ಲ, ಚಂದ್ರ ಬಿಟ್ಟು ಇನ್ನೇನೂ ಸಿಗುವುದಿಲ್ಲ. 1 ಕೊರಿಂಥ 8ರಲ್ಲಿ ವಿಗ್ರಹಕ್ಕೆ ಇಟ್ಟ ಆಹಾರದ ವಿಷಯ ಬರುತ್ತದೆ. ಅಲ್ಲಿ ಬಲಹೀನ ಮನಸ್ಸಾಕ್ಷಿಯವನ ಲೆಕ್ಕ ತಪ್ಪು ಅಂತ ಪೌಲನಿಗೆ ಗೊತ್ತು. ಆದರೂ ಅವನ ಮನಸ್ಸಾಕ್ಷಿಯನ್ನು ತುಳಿದು ತಿನ್ನಿಸಬೇಡಿ ಅನ್ನುತ್ತಾನೆ. ತುಳಿಯುವುದನ್ನು ಅಭ್ಯಾಸ ಮಾಡಿಕೊಂಡವನು ಮುಂದೆ ಅದು ಸರಿಯಾಗಿ ತೋರಿಸಿದಾಗಲೂ ತುಳಿಯುತ್ತಾನೆ. ಸ್ಕ್ರೂ ತಿರುಗಿಸಬೇಕು, ಸುತ್ತಿಗೆ ತರಬಾರದು.

ಇನ್ನೊಂದು ಪ್ರಶ್ನೆ ಇದಕ್ಕಿಂತ ಗಟ್ಟಿ. ಒಬ್ಬ ತಂಗಿ ಕೇಳಿದಳು: "ಪಾಸ್ಟರ್, ದೇವರ ವಾಕ್ಯಕ್ಕೆ ಹೊಂದಿಸಬೇಕು ಅಂತೀರಿ, ಆದ್ರ ವಾಕ್ಯ ಓದೋ ಕಣ್ಣೂ ನಮ್ಮದ ಅಲ್ರಿ? ಅದೂ ಒಂದು ಫೈಂಡರ ಅಲ್ರಿ?" ಹೌದು. ಇದಕ್ಕೆ ಪೂರ್ತಿ ಉತ್ತರ ನನ್ನ ಹತ್ತಿರ ಇಲ್ಲ. ಆದರೆ ಹೊಸಕೋಟೆಯಿಂದ ಒಂದು ಮಾತು ಹೇಳಬಲ್ಲೆ.

ಬೆಂಗಳೂರಿನವರಿಗೆ ಹೊಸಕೋಟೆ ಅಂದರೆ ಬೆಳಗಿನ ಜಾವದ ಬಿರಿಯಾನಿ. ಅಲ್ಲೇ ಭಾರತೀಯ ಖಗೋಳ ಭೌತವಿಜ್ಞಾನ ಸಂಸ್ಥೆಯ ಒಂದು ಕ್ಯಾಂಪಸ್ ಇದೆ. ಲಡಾಖಿನ ಹಾನ್ಲೆಯಲ್ಲಿ, ಸುಮಾರು 4,500 ಮೀಟರ್ ಎತ್ತರದಲ್ಲಿರುವ 2 ಮೀಟರಿನ ದೂರದರ್ಶಕವನ್ನು ಇಲ್ಲಿ ಕೂತೇ ತಿರುಗಿಸುತ್ತಾರೆ. ಪಕ್ಕದಲ್ಲಿ ನಿಂತು ಕೈಯಿಂದ ನೂಕಿ ಸರಿಮಾಡುವವರು ಯಾರೂ ಇಲ್ಲ. ಇಂಥ ದೊಡ್ಡ ದೂರದರ್ಶಕಗಳನ್ನು ಒಂದು ನಕ್ಷತ್ರಕ್ಕೆ ಹೊಂದಿಸಿ ಕೈ ತೊಳೆದುಕೊಳ್ಳುವುದಿಲ್ಲ. ಭಾರಕ್ಕೆ ಕಬ್ಬಿಣವೂ ಸ್ವಲ್ಪ ಬಾಗುತ್ತದೆ, ಪೂರ್ವಕ್ಕೆ ವಾಲಿದಾಗ ಒಂದು ಥರ, ನೆತ್ತಿಯ ಮೇಲೆ ನೋಡುವಾಗ ಇನ್ನೊಂದು ಥರ. ಹಾಗಾಗಿ ಆಕಾಶದ ತುಂಬ ಅಲ್ಲಲ್ಲಿ ಹತ್ತಾರು ನಕ್ಷತ್ರಗಳನ್ನು ಆರಿಸಿ, ಪ್ರತಿಯೊಂದರಲ್ಲೂ ಎಷ್ಟು ತಪ್ಪಿದೆ ಅಂತ ಬರೆದಿಟ್ಟು, ಆ ತಪ್ಪುಗಳ ನಕ್ಷೆಯನ್ನೇ ಕಂಪ್ಯೂಟರಿಗೆ ಕೊಡುತ್ತಾರೆ.

ದಾವೀದನನ್ನು ನೋಡಿ. 2 ಸಮುವೇಲ 12ರಲ್ಲಿ ನಾತಾನನು ಬಡವನ ಕುರಿಮರಿ ಕಸಿದುಕೊಂಡ ಐಶ್ವರ್ಯವಂತನ ಕಥೆ ಹೇಳಿದಾಗ ದಾವೀದನಿಗೆ ಎಷ್ಟು ಸಿಟ್ಟು ಬಂತು! ಬೇರೆಯವರ ಕಡೆ ತಿರುಗಿದಾಗ ಅವನ ಮನಸ್ಸಾಕ್ಷಿ ಪಕ್ಕಾ. ಅರಮನೆಯ ಕಡೆ ತಿರುಗಿದಾಗ ಬತ್ಷೆಬೆಯೂ ಕಾಣಲಿಲ್ಲ, ಊರೀಯನೂ ಕಾಣಲಿಲ್ಲ. ದುಡ್ಡಿನ ವಿಷಯದಲ್ಲಿ ಒಂದು ರೂಪಾಯಿ ಮುಟ್ಟದವರು ಹೆಂಡತಿಗೆ ಆಡುವ ಮಾತಿನಲ್ಲಿ ಹೇಗಿದ್ದಾರೆ? ಸಭೆಯಲ್ಲಿ ಮೃದುವಾಗಿರುವ ತಂಗಿ ಆಫೀಸಿನ ಗ್ರೂಪಿನಲ್ಲಿ ಇನ್ನೊಬ್ಬಳ ಬಗ್ಗೆ ಏನು ಟೈಪ್ ಮಾಡುತ್ತಾಳೆ? ಒಂದು ದಿಕ್ಕಿನಲ್ಲಿ ಸರಿ ಇದೆ ಅಂದರೆ ಎಲ್ಲಾ ದಿಕ್ಕಿನಲ್ಲಿ ಸರಿ ಇದೆ ಅಂತಲ್ಲ.

ಅದೇ ಸಂಸ್ಥೆಯವರು ಸ್ಟಾರ್‌ಬೆರಿಸೆನ್ಸ್ ಅಂತ ಒಂದು ಸಣ್ಣ ನಕ್ಷತ್ರ ಸಂವೇದಕ ಮಾಡಿದ್ದಾರೆ. ನಮ್ಮ ಇಂಜಿನಿಯರಿಂಗ್ ಹುಡುಗರು ಪ್ರಾಜೆಕ್ಟಿಗೆ ಬಳಸುವ ರಾಸ್ಪ್‌ಬೆರಿ ಪೈ ಇದೆಯಲ್ಲ, ಅದನ್ನೇ ಬಳಸಿದ್ದು. 2023ರ ಏಪ್ರಿಲ್ 22ರಂದು ಪಿಎಸ್‌ಎಲ್‌ವಿ ಸಿ55ರಲ್ಲಿ ಹೋಯಿತು. ತಾನು ಯಾವ ಕಡೆ ಮುಖ ಮಾಡಿದ್ದೇನೆ ಅಂತ ಅಂಥ ಸಾಧನಕ್ಕೆ ಮೊದಲೇ ಗೊತ್ತಿರಬೇಕಾಗಿಲ್ಲ. ಎದುರಿಗೆ ಕಂಡ ನಕ್ಷತ್ರಗಳ ಚಿತ್ರ ತೆಗೆದು, ತನ್ನೊಳಗೆ ಇಟ್ಟಿರುವ ನಕ್ಷತ್ರಪಟ್ಟಿಯ ಜೊತೆ ಹೋಲಿಸಿ ಕಂಡುಕೊಳ್ಳುತ್ತದೆ. ಒಂದೇ ನಕ್ಷತ್ರದಿಂದ ಆಗುವುದಿಲ್ಲ, ಹಲವು ಬೇಕು, ಅವುಗಳ ನಡುವಿನ ಅಂತರ ಬೇಕು. ಅದಕ್ಕೇ ಆ ತಂಗಿಗೆ ಹೇಳಿದೆ, ಒಂದು ವಚನ ಹಿಡಿದುಕೊಂಡು ಕರ್ತನು ಕನ್ಫರ್ಮ್ ಮಾಡಿದ ಅನ್ನಬೇಡ. ಇನ್ನೊಂದು ವಚನ, ಇನ್ನೊಂದು ಪುಸ್ತಕ, ನಿನಗೆ ಇಷ್ಟವಾಗದ ಅಧ್ಯಾಯ, ನಿನ್ನ ತೀರ್ಮಾನದಿಂದ ಏಟು ತಿನ್ನುವ ಮನುಷ್ಯನ ಮಾತು, ಹಾಲ್ ಗುಡಿಸುವ ಅವ್ವನ ಮಾತು, ಎಲ್ಲಾ ಸೇರಿಸಿ ನೋಡು. ಎಲ್ಲವೂ ಒಂದೇ ಕಡೆ ತೋರಿಸಿ ನಿನ್ನ ಸಮಾಧಾನ ಮಾತ್ರ ಬೇರೆ ಕಡೆ ತೋರಿಸಿದರೆ, ಆಗ ಸ್ಕ್ರೂ ಎಲ್ಲಿ ತಿರುಗಿಸಬೇಕು ಅಂತ ಗೊತ್ತಾಗುತ್ತದೆ.

ಹಬಲ್ ಏನಾಯಿತು ಅಂತ ಕೇಳುತ್ತೀರಿ. ಕನ್ನಡಿ ಬದಲಿಸಲು ಆಗಲಿಲ್ಲ. ಆದರೆ ತಪ್ಪು ಎಷ್ಟು, ಯಾವ ಕಡೆಗೆ ಅಂತ ಪೂರ್ತಿ ಅಳೆದರು. ಅದಕ್ಕೆ ಸರಿಯಾಗಿ ವಿರುದ್ಧವಾದ ಆಕಾರದ ಪುಟ್ಟ ಕನ್ನಡಿಗಳನ್ನು ಮಾಡಿ, 1993ರ ಡಿಸೆಂಬರಿನಲ್ಲಿ ಗಗನಯಾತ್ರಿಗಳು ಹೋಗಿ ಕೂರಿಸಿ ಬಂದರು, ಕನ್ನಡಕ ಹಾಕಿದ ಹಾಗೆ. ಆ ಕೆಟ್ಟ ಕನ್ನಡಿಯೇ ಇವತ್ತಿಗೂ ಮೇಲಿದೆ.

ಬೆಂಗಳೂರಿನ ಆ ತಮ್ಮನಿಗೆ ನಾನು ನಾಲ್ಕು ದಿನ ಬಿಟ್ಟು ಫೋನ್ ಮಾಡಿದೆ. ಇದು ಪಾಪ ಅಂತ ಮೊದಲೇ ಹೇಳಲಿಲ್ಲ. ಒಂದು ಕೆಲಸ ಹೇಳಿದೆ: ಅದೇ ಕೆಲಸಕ್ಕೆ ಇದ್ದ ವರ್ಷಗಳನ್ನಷ್ಟೇ ಬರೆದು ಅರ್ಜಿ ಹಾಕಿದ ಒಬ್ಬ ಹುಡುಗ ಇರುತ್ತಾನಲ್ಲ, ಅವನ ಎದುರು ಕೂತು "ಮನಸ್ಸಿಗೆ ಸಮಾಧಾನ ಐತಿ" ಅಂತ ಹೇಳಿ ನೋಡು. ಅವನು ಬಹಳ ಹೊತ್ತು ಸುಮ್ಮನಿದ್ದ. ಆಮೇಲೆ "ನೋಡ್ತೀನ್ರಿ" ಅಂದ. ಏನು ಮಾಡಿದ ಅಂತ ಇನ್ನೂ ಹೇಳಿಲ್ಲ. ನಾನೂ ಒತ್ತಾಯ ಮಾಡಿಲ್ಲ.

ಈಗ ಪ್ರಾರ್ಥನೆಗೆ ಮುಂಚೆ ಎರಡು ನಿಮಿಷ ಸುಮ್ಮನೆ ಕೂರೋಣ. ಕೀರ್ತನೆ 139ರ ಕೊನೆಯ ಎರಡು ವಚನ ಮನಸ್ಸಿನಲ್ಲೇ ಓದಿಕೊಳ್ಳಿ, ಹಾಡಬೇಡಿ, ಕೀಬೋರ್ಡ್ ಬೇಡ. ನಿಮಗೆ ಯಾರಾದರೂ ಇತ್ತೀಚೆಗೆ "ಇನ್ನೊಮ್ಮೆ ನೋಡು" ಅಂದಿದ್ದರೆ ಅವರ ಮುಖ ನೆನಪಿಸಿಕೊಳ್ಳಿ. ಪ್ರಾರ್ಥನೆ ಆದ ಮೇಲೆ ಎಲ್ಲರೂ ತಾರಸಿಗೆ ಬನ್ನಿ. ಸಂಜೆ ಚಿಮಣಿಗೆ ಹೊಂದಿಸಿ ಇಟ್ಟಿದ್ದಾನೆ. ಮೆಟ್ಟಿಲ ಹತ್ತಿರ ಕತ್ತಲು ಇದೆ, ಸಾಲಾಗಿ ಬನ್ನಿ, ದಯವಿಟ್ಟು ಫೈಂಡರಿಗೆ ಭುಜ ತಾಗಿಸಬೇಡಿ.